ಚಳಿ ಕಾಯಿಸುವ ಕೆಂಡ, ಕಣ್ಣಿಗೆ ಕಾಣದ ಅನಿಲ



ಡಿಸೆಂಬರ್ ಬಂತೆಂದರೆ ಚಳಿ ಬಂತು. ಕ್ರಿಸ್‌ಮಸ್ ರಜೆ, ಅದರ ಹಿಂದೆಯೇ ಸಂಕ್ರಾಂತಿ. ಅಜ್ಜಿಯ ಊರಿಗೆ ಹೋಗುವುದು, ಎಳೆಬಿಸಿಲಿಗೆ ಮೈಯೊಡ್ಡಿ ಕೂರುವುದು, ಅವರೆಕಾಯಿ ಬಿಡಿಸುವುದು, ಎಳ್ಳು-ಬೆಲ್ಲ ಹಂಚುವುದು ಎಲ್ಲವೂ ಖುಷಿಯೇ. ರಾತ್ರಿಯಾದರೆ ಮಾತ್ರ ಚಳಿ ಕೊರೆಯುತ್ತದೆ. ಬೀದರ್, ವಿಜಯಪುರದಂತಹ ಜಿಲ್ಲೆಗಳಲ್ಲಿ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದೂ ಉಂಟು.

ಆಗ ಕೆಲವು ಮನೆಗಳಲ್ಲಿ ಹಳೆಯ ಬಾಣಲೆಯಲ್ಲೋ ಅಗ್ಗಿಷ್ಟಿಕೆಯಲ್ಲೋ ಕೆಂಡ ತುಂಬಿ ಮಲಗುವ ಕೋಣೆಗೆ ತರುತ್ತಾರೆ. ಗಾಳಿ ನುಗ್ಗದಂತೆ ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚುತ್ತಾರೆ. ರಜೆಗೆ ಬಂದ ನೆಂಟರೆಲ್ಲ ಅದೇ ಕೋಣೆಯಲ್ಲಿ ಮಲಗುತ್ತಾರೆ. ಅಪಾಯ ಇರುವುದು ಇಲ್ಲಿಯೇ.

ಹೊಗೆಯೇ ಇಲ್ಲವಲ್ಲ!

ಶಾಲೆಯೊಂದರಲ್ಲಿ ಈ ವಿಷಯ ಹೇಳುತ್ತಿದ್ದಾಗ ಏಳನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಸೌದೆ ಉರಿದರೆ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಕೆಂಡದಲ್ಲಿ ಹೊಗೆಯೇ ಇರುವುದಿಲ್ಲ. ಮತ್ತೆ ಕಿಟಕಿ ಏಕೆ ತೆರೆಯಬೇಕು?”

ಬಹಳ ಒಳ್ಳೆಯ ಪ್ರಶ್ನೆ. ಉತ್ತರ ತಿಳಿಯಲು ಕೆಂಡ ಉರಿಯುವುದು ಹೇಗೆಂದು ನೋಡೋಣ. ಇದ್ದಿಲಿನಲ್ಲಿ ಹೆಚ್ಚಾಗಿ ಇರುವುದು ಇಂಗಾಲ. ಅದು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಸಾಕಷ್ಟು ಆಮ್ಲಜನಕ ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಆಮ್ಲಜನಕ ಸಾಲದಿದ್ದರೆ ದಹನ ಅರ್ಧಕ್ಕೇ ನಿಲ್ಲುತ್ತದೆ. ಇದೇ ಅಪೂರ್ಣ ದಹನ. ಆಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಬರುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಅದು ಕಣ್ಣನ್ನು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ಹೊಗೆಯಾದರೂ ನಮ್ಮನ್ನು ಎಚ್ಚರಿಸುತ್ತದೆ. ಇದು ಎಚ್ಚರಿಸುವುದೇ ಇಲ್ಲ. ಆದ್ದರಿಂದ ಹೊಗೆಯಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬಾರದು.

ರಕ್ತದಲ್ಲಿ ಏನಾಗುತ್ತದೆ?

ನಮ್ಮ ಕೆಂಪು ರಕ್ತಕಣಗಳಲ್ಲಿ ಹಿಮೋಗ್ಲೋಬಿನ್ ಇದೆ. ಅದನ್ನು ಒಂದು ಬಸ್ಸು ಎಂದುಕೊಳ್ಳಿ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು ಮಿದುಳು, ಹೃದಯ, ಸ್ನಾಯುಗಳಿಗೆ ತಲುಪಿಸುವುದು ಅದರ ಕೆಲಸ. ಇಂಗಾಲದ ಮಾನಾಕ್ಸೈಡ್ ಈ ಬಸ್ಸಿನ ಸೀಟು ಹಿಡಿದರೆ ಸುಲಭವಾಗಿ ಇಳಿಯುವುದಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 1000 ಪಾಲು ಗಾಳಿಯಲ್ಲಿ ಸುಮಾರು 210 ಪಾಲು ಆಮ್ಲಜನಕ ಇರುತ್ತದೆ. ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಕೇವಲ 1 ಪಾಲು ಸೇರಿತು ಎಂದುಕೊಳ್ಳಿ. ಅದರ ಹಿಡಿತ 200 ಪಟ್ಟು ಬಲವಾದುದರಿಂದ, ಆ ಒಂದು ಪಾಲು 210 ಪಾಲು ಆಮ್ಲಜನಕಕ್ಕೆ ಸರಿಸಮನಾಗಿ ಪೈಪೋಟಿ ನೀಡುತ್ತದೆ! ಅಂತಹ ಗಾಳಿಯನ್ನು ಗಂಟೆಗಟ್ಟಲೆ ಉಸಿರಾಡಿದರೆ ಪ್ರಾಣಕ್ಕೇ ಅಪಾಯ.

ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಕಾಣಿಸಿಕೊಳ್ಳುತ್ತವೆ. ಆಮೇಲೆ ಎಚ್ಚರ ತಪ್ಪುತ್ತದೆ. ಎದ್ದಿರುವವರು ಹೊರಗೆ ಬರಬಹುದು. ನಿದ್ರೆಯಲ್ಲಿರುವವರಿಗೆ ಏನೂ ತಿಳಿಯುವುದಿಲ್ಲ. ಹಸುಗೂಸುಗಳು, ಗರ್ಭಿಣಿಯರು ಹಾಗೂ ವೃದ್ಧರಿಗೆ ಅಪಾಯ ಇನ್ನೂ ಹೆಚ್ಚು. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಮುಚ್ಚುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಈ ವಿಷಯವನ್ನು ಹಿರಿಯರಿಗೆ ಓದಿ ಹೇಳಿ.

ನಿಮಗೆ ಗೊತ್ತೇ?

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾವೇ ಉಸಿರಾಡಿ ಅದರ ಪರಿಣಾಮಗಳನ್ನು ಬರೆದಿಟ್ಟರು. ಗಣಿಗಳಲ್ಲಿ ಇದನ್ನು ಪತ್ತೆ ಮಾಡಲು ಸಣ್ಣ ಪ್ರಾಣಿಗಳನ್ನು ಬಳಸಬಹುದೆಂದು ಸೂಚಿಸಿದರು. ಹೀಗೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿ ಹಕ್ಕಿಗಳು ಬಂದವು. ಚುರುಕಾಗಿ ಉಸಿರಾಡುವ ಪುಟ್ಟ ಹಕ್ಕಿಗೆ ವಿಷ ಮನುಷ್ಯನಿಗಿಂತ ಬೇಗ ತಟ್ಟುತ್ತದೆ. ಹಕ್ಕಿ ತೂಕಡಿಸಿದರೆ ಕಾರ್ಮಿಕರು ಹೊರಗೆ ಓಡುತ್ತಿದ್ದರು. 1986ರಲ್ಲಿ ಈ ಹಕ್ಕಿಗಳ ಬದಲು ವಿದ್ಯುನ್ಮಾನ ಉಪಕರಣಗಳನ್ನು ಬಳಸಲು ನಿರ್ಧರಿಸಲಾಯಿತು.

ನಮ್ಮ ಮನೆಗಳಲ್ಲಿ ಹಕ್ಕಿಯೂ ಇಲ್ಲ, ಉಪಕರಣವೂ ಇಲ್ಲ. ನಮ್ಮ ತಿಳಿವಳಿಕೆಯೇ ನಮಗೆ ಕಾವಲು.

ಹಾಗಾದರೆ ಬೆಚ್ಚಗಿರುವುದು ಹೇಗೆ?

ನಮ್ಮ ದೇಹದೊಳಗೇ ಒಂದು ಒಲೆ ಇದೆ. ತಿಂದ ಆಹಾರದಿಂದ ಅದು ಶಾಖ ಪಡೆದು ಮೈಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುತ್ತದೆ. ಆ ಶಾಖ ಸೋರದಂತೆ ತಡೆದರೆ ಸಾಕು.

ಮಾಡಿ ನೋಡಿ: ಒಂದೇ ಅಳತೆಯ ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಹಿರಿಯರಿಂದ ಎರಡಕ್ಕೂ ಒಂದೇ ಪ್ರಮಾಣದ ಬಿಸಿನೀರು ಹಾಕಿಸಿ, ತಟ್ಟೆ ಮುಚ್ಚಿ. ಒಂದಕ್ಕೆ ಉಣ್ಣೆಯ ಬಟ್ಟೆಯನ್ನು ಎರಡು ಮೂರು ಸುತ್ತು ಸುತ್ತಿ. 20 ನಿಮಿಷ ಬಿಟ್ಟು ಬಟ್ಟೆ ತೆಗೆದು ಎರಡೂ ಲೋಟಗಳನ್ನು ಹೊರಗಿನಿಂದ ಮುಟ್ಟಿ ನೋಡಿ. ಯಾವುದು ಹೆಚ್ಚು ಬಿಸಿಯಾಗಿದೆ?

ಉಣ್ಣೆ ತಾನಾಗಿ ಶಾಖ ಕೊಡಲಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಮಂದ ಉಷ್ಣವಾಹಕ. ಅದು ಒಳಗಿನ ಶಾಖವನ್ನು ಹೊರಗೆ ಬಿಡಲಿಲ್ಲ. ನಮ್ಮ ಕುರಿ ಉಣ್ಣೆಯ ಕಂಬಳಿ ಕೆಲಸ ಮಾಡುವುದೂ ಹೀಗೆಯೇ. ಸ್ವೆಟರ್ ಇಲ್ಲದಿದ್ದರೂ ಎರಡು ಅಂಗಿಗಳನ್ನು ಒಂದರ ಮೇಲೊಂದು ತೊಟ್ಟರೆ ನಡುವಿನ ಗಾಳಿ ಮೈಯನ್ನು ಬೆಚ್ಚಗಿಡುತ್ತದೆ. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ ಇರಲಿ. ನೆಲದ ಮೇಲೆ ಮಲಗುವುದಾದರೆ ಕೆಳಗೂ ದಪ್ಪವಾಗಿ ಹಾಸಿಕೊಳ್ಳಿ.

ನೆನಪಿಡಿ

1. ಚಳಿ ಕಾಯಿಸುವುದಿದ್ದರೆ ಅಂಗಳದಲ್ಲಿ, ಹಿರಿಯರ ಜೊತೆಯಲ್ಲಿ ಕಾಯಿಸಿ. ಮಲಗುವ ಕೋಣೆಗೆ ಕೆಂಡ ತರಬೇಡಿ. ಬೂದಿ ಮುಚ್ಚಿದ ಕೆಂಡವೂ ಅಪಾಯಕಾರಿ.
2. ಕೆಂಡದ ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ವಿಷ ಹೋಗುವುದಿಲ್ಲ. ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ.
3. ದೀಪ ಉರಿಯುತ್ತಿದೆ, ಆದ್ದರಿಂದ ಗಾಳಿ ಚೆನ್ನಾಗಿದೆ ಎಂದುಕೊಳ್ಳಬೇಡಿ.
4. ಗ್ಯಾಸ್ ಗೀಸರ್ ಸ್ನಾನದ ಮನೆಯ ಹೊರಗಿರಬೇಕು. ಒಳಗಿದ್ದರೆ ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದಿಟ್ಟು ಕೋಣೆಗೆ ಗಾಳಿಯಾಡಿದ ಮೇಲೆ ಸ್ನಾನ ಮಾಡಿ.
5. ಮುಚ್ಚಿದ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿದ್ದರೆ ನೀವು ಒಬ್ಬರೇ ಒಳಗೆ ನುಗ್ಗಬೇಡಿ. ಕೂಗಿ ದೊಡ್ಡವರನ್ನು ಕರೆಯಿರಿ. ಬಾಗಿಲು, ಕಿಟಕಿ ತೆರೆಸಿ, ಅವರನ್ನು ಬೇಗ ಬಯಲಿಗೆ ತರಲಿ. 108ಕ್ಕೆ ಕರೆ ಮಾಡಿ.
6. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿರುವ ವಿಷದ ಅರ್ಧ ಭಾಗ ಹೋಗಲು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.

ಯೋಚಿಸಿ, ಉತ್ತರಿಸಿ

1. ಒಂದು ದಪ್ಪ ಅಂಗಿಗಿಂತ ಎರಡು ತೆಳು ಅಂಗಿಗಳು ಹೆಚ್ಚು ಬೆಚ್ಚಗಿರಬಹುದು. ಏಕೆ?
2. ಅಡುಗೆಮನೆಯ ಗೋಡೆಯಲ್ಲಿ ಬೆಳಕಿಂಡಿ ಏಕೆ ಇಡುತ್ತಾರೆ?
3. ನಿಮ್ಮ ಮನೆಯಲ್ಲಿ ಬೆಂಕಿ ಉರಿಯುವ ಜಾಗಗಳು ಯಾವುವು? ಪ್ರತಿಯೊಂದಕ್ಕೂ ಗಾಳಿ ಒಳಬರುವ ಮತ್ತು ಹೊರಹೋಗುವ ದಾರಿ ಇದೆಯೇ? ಪಟ್ಟಿ ಮಾಡಿ ಶಿಕ್ಷಕರಿಗೆ ತೋರಿಸಿ.

ಈ ರಜೆಯಲ್ಲಿ ಬೆಚ್ಚಗಿರಿ, ನೆಮ್ಮದಿಯಾಗಿ ನಿದ್ರಿಸಿ. ಇಂದು ರಾತ್ರಿ ಮಲಗುವ ಮುನ್ನ ಕೋಣೆಯಲ್ಲಿ ಕೆಂಡ ಇಲ್ಲವೆಂದು ಒಮ್ಮೆ ನೋಡಿಬಿಡಿ.