ಬ್ಯಾಂಡ್ ಹಾಕಿಸಿಕೊಂಡವರ ತುತ್ತು

ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡವರು ಸಲೀಸಾಗಿ ಇಳಿಯುತ್ತದೆಂದು ಪಾಯಸ, ಮಿಲ್ಕ್‌ಶೇಕ್‌ಗೇ ಅಂಟಿಕೊಂಡರೆ ತೂಕ ಇಳಿಯುವುದು ಕಷ್ಟ. ಬ್ಯಾಂಡ್ ಜಠರದ ಮೇಲ್ಭಾಗವನ್ನು ಬಿಗಿದು ಪುಟ್ಟ ಚೀಲ ಮಾಡುತ್ತದೆ. ಗಟ್ಟಿ ಆಹಾರ ಅದನ್ನು ನಿಧಾನವಾಗಿ ದಾಟುವಾಗಲೇ ಹಸಿವು ಅಡಗುವುದು. ದ್ರವಕ್ಕೆ ಆ ತಡೆಯೇ ಇಲ್ಲ, ಸಕ್ಕರೆಯೆಲ್ಲ ಸರಾಗವಾಗಿ ಒಳಗೆ ಹೋಗುತ್ತದೆ. ಮೊದಲ ಕೆಲವು ವಾರ ದ್ರವಾಹಾರವೇ ಬೇಕು, ನಿಜ. ಆದರೆ ಅದು ಗಾಯ ಮಾಯುವವರೆಗಿನ ಮಾತು. ‘ಗಟ್ಟಿಯದು ಸಿಕ್ಕಿಕೊಂಡು ವಾಂತಿಯಾಗುತ್ತದಲ್ಲ?’ ಎನ್ನುವಿರಿ. ಬಹಳ ಸಲ ತಪ್ಪು ತುತ್ತಿನ ಗಾತ್ರದ್ದು. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ರೂಢಿ (ಅದರ ಸುಖವೇ ಅದು!) ಇಲ್ಲಿ ನಡೆಯದು. ಬಟಾಣಿಯಷ್ಟು ತುತ್ತನ್ನು ನುಣ್ಣಗೆ ಅಗಿಯಿರಿ. ಮೊಟ್ಟೆ, ಮೀನು, ಬೇಳೆ ಮೊದಲು. ಊಟದ ಜೊತೆ ನೀರು ಬೇಡ. ಆಗಲೂ ವಾಂತಿ ನಿಲ್ಲದಿದ್ದರೆ ಬ್ಯಾಂಡ್ ಅತಿ ಬಿಗಿಯಾಗಿರಬಹುದು, ಜಾರಿರಲೂಬಹುದು. ಬಿಗಿಯಾಗಿದ್ದರೆ ಬ್ಯಾಂಡ್‌ನೊಳಗೆ ತುಂಬಿರುವ ಸಲೈನನ್ನು ಚರ್ಮದಡಿಯ ಪೋರ್ಟ್‌ನಿಂದ ತೆಗೆದು ವೈದ್ಯರು ಸಡಿಲಿಸುತ್ತಾರೆ. ನೀರೂ ಇಳಿಯದಿದ್ದರೆ ಮಾತ್ರ ನಾಳೆಗೆಂದು ಕಾಯಬೇಡಿ.