ವಿಮಾನ ನಿಲ್ದಾಣದ ತಪಾಸಣೆ : ಒಂದು ಪರಾಮರ್ಶೆ

ಚೀಕಲಪರ್ವಿಯಂಥ ತುಂಗಭದ್ರಾ ತೀರದ ಗ್ರಾಮಕ್ಕೂ ವಿಮಾನ ನಿಲ್ದಾಣಕ್ಕೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಈ ಸೀಮೆಯಲ್ಲಿ ಅಕ್ಷರ ಕಲಿತ ಹಲವರು ಇಂದು ದೂರ ದೇಶಗಳಲ್ಲಿ ಉದ್ಯೋಗಸ್ಥರಾಗಿರುವರು. ಊರಿಗೆ ಬಂದಾಗ ಅವರಾಡುವ ದೂರು ಒಂದೇ: ನಡುಪಟ್ಟಿ ಬಿಚ್ಚಿಸುವರು, ನೀರಿನ ಬಾಟಲಿ ತೆಗೆದಿಡುವರು, ಸಾಲಿನಲ್ಲಿ ನಿಲ್ಲಿಸುವರು. ನಮ್ಮ ಕಡೆಯ ಹಿರಿಯರು ಇದನ್ನು ಝಡತಿ ಎನ್ನುವರು. ಈ ಝಡತಿಯಿಂದ ಭಯೋತ್ಪಾದಕರ ಕೈ ನಿಜವಾಗಿ ಕಟ್ಟಿಹೋಗುವುದೇ ಎಂಬುದು ಪ್ರಕೃತ ವಿಚಾರ.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವು ಅಪಹೃತವಾಗಿ ಕಂದಹಾರವನ್ನು ಸೇರಿತು. ಮೂವರು ಉಗ್ರರನ್ನು ಬಿಟ್ಟುಕೊಟ್ಟು ಪ್ರಯಾಣಿಕರನ್ನು ಬಿಡಿಸಿಕೊಳ್ಳಬೇಕಾಯಿತು. ಮರುವರ್ಷದಿಂದ ನಮ್ಮ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ವಶವಾಯಿತು. ಆಮೇಲೆ ಭಾರತದ ಯಾವ ಪ್ರಯಾಣಿಕ ವಿಮಾನವೂ ಹಾಗೆ ಅಪಹೃತವಾಗಿಲ್ಲ. ಇದು ತಪಾಸಣೆಯ ಫಲವೋ, ಕಾಗೆ ಕೂತೊಡನೆ ತಾಳೆಯ ಹಣ್ಣು ಬಿದ್ದ ಕಾಕತಾಲೀಯವೋ? ಅಮೆರಿಕದಲ್ಲಿ 1968ರಿಂದ 1972ರವರೆಗೆ ನೂರಕ್ಕೂ ಮಿಕ್ಕಿ ಅಪಹರಣ ಪ್ರಯತ್ನಗಳು ನಡೆದಿದ್ದವು. 1973ರ ಜನವರಿಯಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾದೊಡನೆ ಅವು ಬೆರಳೆಣಿಕೆಗೆ ಇಳಿದವು. ಅದೇ ವರ್ಷ ಕ್ಯೂಬಾದೊಡನೆ ಒಪ್ಪಂದವಾದುದೂ ನಿಜ. ಆದರೂ ತಪಾಸಣೆಗೆ ಇದರಲ್ಲಿ ದೊಡ್ಡ ಪಾಲು ಸಲ್ಲಲೇಬೇಕು.

ಯಂತ್ರವೊಂದನ್ನೇ ನಂಬುವುದು ಬೇರೆ ಮಾತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡಿನ ಬಳಿ ಸಿಡಿದು 329 ಜನ ಮಡಿದರು. ಬಾಂಬಿದ್ದ ಪೆಟ್ಟಿಗೆ ವಿಮಾನವೇರಿತ್ತು, ಪೆಟ್ಟಿಗೆಯ ಒಡೆಯ ಏರಿರಲಿಲ್ಲ. ಟೊರಾಂಟೋದಲ್ಲಿ ಸಾಮಾನು ನೋಡುವ ಎಕ್ಸ್‌ರೇ ಯಂತ್ರ ಅಂದು ಕೆಟ್ಟುಹೋಗಿತ್ತು. ಆದರೆ ಪೆಟ್ಟಿಗೆಗೂ ಪ್ರಯಾಣಿಕನಿಗೂ ತಾಳೆ ನೋಡಿದ್ದರೆ ಯಂತ್ರವಿಲ್ಲದೆಯೂ ಅದು ಸಿಕ್ಕಿಬೀಳುತ್ತಿತ್ತು. ಆ ತಾಳೆ ನೋಡುವ ಪದ್ಧತಿ ಬಲಗೊಂಡದ್ದು ಇಷ್ಟು ಜೀವಗಳು ಹೋದ ಮೇಲೆ! 2015ರಲ್ಲಿ ಅಮೆರಿಕದ ಅಧಿಕಾರಿಗಳೇ ವೇಷ ಮರೆಸಿ ನಡೆಸಿದ ಪರೀಕ್ಷೆಯಲ್ಲಿ 70 ಸಲಕ್ಕೆ 67 ಸಲ ಆಯುಧ ಮುಂತಾದವು ಕಾವಲುಗಾರರ ಕಣ್ಣು ತಪ್ಪಿಸಿ ಒಳಹೋದುವೆಂದು ಪತ್ರಿಕೆಗಳು ವರದಿ ಮಾಡಿದವು.

ಇನ್ನು ನಮ್ಮ ನಾಡಿನದೇ ಪ್ರಸಂಗ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ, ತಪಾಸಣೆಯ ಸಾಲಿಗಿಂತ ಮೊದಲೇ, ವಾರಸುದಾರರಿಲ್ಲದ ಚೀಲವೊಂದು ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬಿದ್ದಿತು. ಒಳಗೆ ಸ್ಫೋಟಕವಿತ್ತು. ಅದನ್ನು ಬಯಲಿಗೆ ಸಾಗಿಸಿ ಸ್ಫೋಟಿಸಲಾಯಿತು, ಯಾರಿಗೂ ಅಪಾಯವಾಗಲಿಲ್ಲ. ಎರಡು ದಿನಗಳಲ್ಲಿ ಒಬ್ಬಾತ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದನು. ಹಿಂದೆ ನಿಲ್ದಾಣದಲ್ಲಿ ಕೆಲಸ ಸಿಗದ ಸಿಟ್ಟು ಅವನದೆಂದು ವರದಿಯಾಯಿತು. ಅದನ್ನು ಭಯೋತ್ಪಾದಕ ಸಂಘಟನೆಯ ಕೃತ್ಯವೆನ್ನಲಾಗದು. ಆದರೆ ಸಂಘಟಿತರು ಹುಡುಕುವ ಸ್ಥಳವೂ ಅದೇ. 2016ರ ಮಾರ್ಚ್ 22ರಂದು ಬ್ರಸೆಲ್ಸ್‌ನಲ್ಲಿ ಬಾಂಬುಗಳು ಸಿಡಿದದ್ದು ತಪಾಸಣೆಗೆ ಮುಂಚಿನ ನಿರ್ಗಮನದ ಸಭಾಂಗಣದಲ್ಲಿ. ಊರ ಅಗಸೆಯನ್ನು ಭದ್ರಪಡಿಸಿದರೆ ಒಳಗಿನವರು ಕ್ಷೇಮ. ಅಗಸೆಯ ಹೊರಗೆ ಸಂತೆ ನೆರೆದರೆ ಅಪಾಯ ಅಲ್ಲಿಗೆ ಸರಿಯುತ್ತದೆ.

ಆದುದರಿಂದ ತಪಾಸಣೆ ವಿಮಾನವನ್ನು ಕಾಯುತ್ತದೆ, ಜನರನ್ನೆಲ್ಲ ಕಾಯುವುದಿಲ್ಲವೆಂದೇ ನನ್ನ ಅಭಿಪ್ರಾಯ. ಸಾಲು ಉದ್ದವಾದಷ್ಟೂ ಹೊರಗಿನ ಸಂತೆ ದೊಡ್ಡದಾಗುತ್ತದೆ. ಯಂತ್ರಕ್ಕೆ ವೆಚ್ಚಮಾಡುವ ಹಣದಲ್ಲಿ ಒಂದು ಪಾಲನ್ನು ಸಾಲು ಕಿರಿದುಗೊಳಿಸಲು ಬೇಕಾದ ಸಿಬ್ಬಂದಿಗೂ, ಮಂಗಳೂರಿನಲ್ಲಿ ಚೀಲವನ್ನು ಗುರುತಿಸಿದಂಥ ಕಣ್ಣುಗಳಿಗೂ ಮೀಸಲಿಡುವುದು ಯುಕ್ತ.