ಮಾವು ಬೆಳೆಯುವವರು ಯಾರು, ಮಾರುವವರು ಯಾರು?

"ಮಾವಿನ ಉತ್ಪಾದನೆಯಲ್ಲಿ ಭಾರತಕ್ಕೆ ಜಗತ್ತಿನಲ್ಲೇ ಪ್ರಥಮ ಸ್ಥಾನ. ಆದ್ದರಿಂದ ರಫ್ತಿನಲ್ಲೂ ಪ್ರಥಮ ಸ್ಥಾನ." ವಿದೇಶಿ ವ್ಯಾಪಾರದ ಪಾಠ ಮುಗಿದ ಮೇಲೆ ಕೊಟ್ಟ ಕಿರುಪರೀಕ್ಷೆಯಲ್ಲಿ ನಿಮ್ಮಲ್ಲಿ ಹಲವರು ಹೀಗೆ ಬರೆದಿದ್ದೀರಿ. ಮೊದಲ ವಾಕ್ಯ ಸರಿ, ಎರಡನೆಯದು ತಪ್ಪು. ಅಂಕ ಹೋಗಿದ್ದು "ಆದ್ದರಿಂದ" ಎಂಬ ಪದಕ್ಕೆ.

ಜಗತ್ತಿನ ಮಾವಿನಲ್ಲಿ ಸುಮಾರು ಶೇ. 40ರಷ್ಟು ನಮ್ಮ ದೇಶದ್ದು. ಅದರಲ್ಲಿ ತಾಜಾ ಹಣ್ಣಾಗಿ ಹೊರದೇಶಕ್ಕೆ ಹೋಗುವುದು ನೂರಕ್ಕೆ ಒಂದು ಪಾಲೂ ಇಲ್ಲ. ತಾಜಾ ಮಾವಿನ ರಫ್ತಿನಲ್ಲಿ ಮುಂದಿರುವುದು ಮೆಕ್ಸಿಕೊ. ಅಲ್ಲಿನ ಒಟ್ಟು ಬೆಳೆ ನಮ್ಮದರ ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೆ.

ಅವರ ಹಣ್ಣು ನಮ್ಮದಕ್ಕಿಂತ ರುಚಿಯೇ? ನಮ್ಮ ಬಾದಾಮಿ, ಮಲ್ಲಿಕಾ ತಿಂದವರು ಒಪ್ಪಲಾರರು. ಗೆಲ್ಲುವುದು ಬೇರೆ ಕಾರಣಕ್ಕೆ. ಮೆಕ್ಸಿಕೊದ ತೋಟದಿಂದ ಅಮೆರಿಕದ ಅಂಗಡಿಗೆ ಲಾರಿಯಲ್ಲಿ ಹೋಗಬಹುದು. ಹಣ್ಣುನೊಣದ ಭಯಕ್ಕೆ ಅವರು ಕಾಯಿಯನ್ನು ಸುಮಾರು 46 ಡಿಗ್ರಿ ಬಿಸಿನೀರಿನಲ್ಲಿ ಗಂಟೆಗೂ ಮೀರಿ ಮುಳುಗಿಸಿಡುತ್ತಾರೆ. ಅವರು ಬಹುಕಾಲ ನೆಚ್ಚಿಕೊಂಡ ಟಾಮಿ ಆಟ್ಕಿನ್ಸ್ ತಳಿಗೆ ನಾರು ಜಾಸ್ತಿ, ಆದರೆ ಸಿಪ್ಪೆ ಗಟ್ಟಿ, ದಿನಗಟ್ಟಲೆ ಕೆಡುವುದಿಲ್ಲ. ತಮಾಷೆ ಎಂದರೆ ಆ ತಳಿಯ ವಂಶ ಹುಡುಕುತ್ತಾ ಹೋದರೆ 1889ರಲ್ಲಿ ಭಾರತದಿಂದ ಫ್ಲೋರಿಡಾಕ್ಕೆ ಹೋದ ಮುಲ್ಗೋಬ ಸಿಗುತ್ತದೆ!

ನಮಗೆ ಅಮೆರಿಕದ ಬಾಗಿಲು ತೆರೆದದ್ದು 2007ರಲ್ಲಿ. ಷರತ್ತು: ಹಣ್ಣಿಗೆ ವಿಕಿರಣ ಸಂಸ್ಕರಣೆ ಆಗಬೇಕು, ಅಮೆರಿಕದ ಒಪ್ಪಿಗೆ ಪಡೆದ ಘಟಕದಲ್ಲೇ ಆಗಬೇಕು. ಅಂಥ ಘಟಕ ದೂರದಲ್ಲೇನೂ ಇಲ್ಲ, ನಮ್ಮ ಮಾಲೂರಿನ ಇನ್ನೋವಾ ಅಗ್ರಿ ಬಯೋ ಪಾರ್ಕ್‌ನಲ್ಲಿದೆ. ಆದರೆ ಅಲ್ಲಿಂದ ಮುಂದೆ ವಿಮಾನ ಹತ್ತಬೇಕು. ಸಂಸ್ಕರಣೆ, ತಪಾಸಣೆ, ವಿಮಾನದ ಬಾಡಿಗೆ ಎಲ್ಲ ಕೂಡಿಸಿದರೆ ತೋಟದಲ್ಲಿ ರೈತನಿಗೆ ಸಿಕ್ಕ ಬೆಲೆ ಲೆಕ್ಕದಲ್ಲಿ ಕಾಣದಷ್ಟು ಚಿಕ್ಕದಾಗುತ್ತದೆ. ಹಣ್ಣುನೊಣ ಸಿಕ್ಕಿತೆಂದು ಐರೋಪ್ಯ ಒಕ್ಕೂಟ 2014ರ ಮೇ ತಿಂಗಳಲ್ಲಿ ನಮ್ಮ ಮಾವನ್ನೇ ನಿಷೇಧಿಸಿ, ಮರುವರ್ಷ ತೆರವು ಮಾಡಿತು.

ಹಾಗಾದರೆ ಮಾವಿನಲ್ಲಿ ನಾವು ಸೋತೆವೆ? ಇಲ್ಲಿ ಡೇವಿಡ್ ರಿಕಾರ್ಡೊ 1817ರಲ್ಲಿ ಹೇಳಿದ ತುಲನಾತ್ಮಕ ಅನುಕೂಲವನ್ನು ನೆನಪಿಸಿಕೊಳ್ಳಿ. ಅನುಕೂಲವನ್ನು ಒಂದೊಂದು ಸರಕಿಗೂ ಬೇರೆಬೇರೆಯಾಗಿ ನೋಡಬೇಕು. ತಾಜಾ ಹಣ್ಣು ಒಂದು ಸರಕು, ಪಲ್ಪ್ ಇನ್ನೊಂದು. ಪಲ್ಪ್ ಡಬ್ಬಿಯಲ್ಲಿ, ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಹಡಗಿನಲ್ಲಿ ಹೋಗುತ್ತದೆ, ಹಣ್ಣುನೊಣದ ಚಿಂತೆಯೂ ಇಲ್ಲ. ಪಲ್ಪ್ ರಫ್ತಿನಲ್ಲಿ ಭಾರತ ಮುಂಚೂಣಿಯಲ್ಲಿದೆ, ಸೌದಿ ಅರೇಬಿಯಾ ನಮ್ಮ ದೊಡ್ಡ ಗಿರಾಕಿಗಳಲ್ಲಿ ಒಂದು. ರಿಯಾದ್, ಜೆದ್ದಾದಲ್ಲಿ ದುಡಿಯುವ ನಿಮ್ಮ ಚಾಚಾ, ಮಾಮೂ ಇಫ್ತಾರ್‌ನಲ್ಲಿ ಕುಡಿಯುವ ಮಾವಿನ ಜ್ಯೂಸಿನಲ್ಲಿ ನಮ್ಮ ಕಡೆಯ ಗಿಣಿಮೂತಿ ತೋತಾಪುರಿ ಇದ್ದರೂ ಇರಬಹುದು.

ತೋತಾಪುರಿಯನ್ನು ಶ್ರೀನಿವಾಸಪುರ, ಮುಳಬಾಗಿಲು ಕಡೆ ಧಾರಾಳವಾಗಿ ಬೆಳೆಯುತ್ತೇವೆ. ಆದರೆ ಪಲ್ಪ್ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಆಂಧ್ರದ ಚಿತ್ತೂರಿನಲ್ಲಿ, ತಮಿಳುನಾಡಿನ ಕೃಷ್ಣಗಿರಿಯಲ್ಲಿ. ದೇಶ ಗೆದ್ದ ಮಾತ್ರಕ್ಕೆ ಜಿಲ್ಲೆ ಗೆದ್ದಂತಲ್ಲ ಎಂಬುದು 2025ರ ಜೂನ್‌ನಲ್ಲಿ ಗೊತ್ತಾಯಿತು. ಬೆಲೆ ಕುಸಿದಿತ್ತು, ಚಿತ್ತೂರು ಜಿಲ್ಲಾಡಳಿತ ತನ್ನ ರೈತರನ್ನು ಉಳಿಸಿಕೊಳ್ಳಲು ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಆಮೇಲೆ ಕೇಂದ್ರ ಸರ್ಕಾರ ಕರ್ನಾಟಕದ ರೈತರಿಗೆ ಬೆಲೆ ವ್ಯತ್ಯಾಸದ ನೆರವು ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟೋ ಕಾಯಿ ರಸ್ತೆ ಪಕ್ಕ ಸುರಿದು ಹೋಗಿತ್ತು. ಚಿತ್ತೂರಿನ ರೈತನದೂ ಇದೇ ಕಷ್ಟ, ಅವನನ್ನು ಬೈದು ಪ್ರಯೋಜನವಿಲ್ಲ. ಒಂದೇ ಕಡೆಯ ಗಿರಾಕಿಯನ್ನು ನಂಬಿದ ಬೆಳೆಗಾರನಿಗೆ ಬೆಲೆ ಕೇಳುವ ಶಕ್ತಿ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗೆ ಇನ್ನಷ್ಟು ಮಾವಿನ ಗಿಡಗಳಿಗಿಂತ ಪಲ್ಪ್ ಘಟಕಗಳು, ಶೀತಲಗೃಹಗಳು ಮೊದಲು ಬೇಕು.

ದ್ವಿತೀಯ ಪಿಯುಸಿಯವರಿಗೆ ಒಂದು ಕೆಲಸ. ಈ ಹಂಗಾಮಿನಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋಗಿ ಒಂದು ಟನ್ ತೋತಾಪುರಿಯ ಬೆಲೆ, ಹಮಾಲಿ, ಕಮಿಷನ್, ಚಿತ್ತೂರಿನವರೆಗಿನ ಲಾರಿ ಬಾಡಿಗೆ ವಿಚಾರಿಸಿ ಬರೆದುಕೊಂಡು ಬನ್ನಿ. ಮನೆಯಲ್ಲಿ ತೋಟ ಇರುವವರು ಅಬ್ಬಾ ಅವರನ್ನೇ ಕೇಳಿ, ಔಷಧಿ ಸಿಂಪಡಣೆಯ ಖರ್ಚನ್ನೂ ಸೇರಿಸಿ. ಆ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದುಕೊಂಡೇ ಮುಂದಿನ ಪಾಠ ಶುರು ಮಾಡೋಣ.